ಮೊದಲು ಷಡ್ಜ, ಆಮೇಲೆ ರಾಗ: ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೆಗೆ ಕಿವಿಯ ತಯಾರಿ

ಕಲಿತ ಗೀತೆಯನ್ನು ಒಂದಕ್ಷರ ತಪ್ಪದೆ ಹಾಡುವ ಮಗುವಿಗೆ, ಅದೇ ಗೀತೆಯ ನಡುವಿನ ಒಂದು ಸಾಲನ್ನು ಅಕಾರದಲ್ಲಿ, ಬರೀ 'ಆ' ಎಂದು, ಹಾಡಿ 'ಇದರ ಸ್ವರ ಹೇಳಮ್ಮಾ' ಎಂದು ಕೇಳಿ ನೋಡಿ. ಎಷ್ಟೋ ಸಲ ಮಗು ಸುಮ್ಮನಾಗುತ್ತದೆ. ಸಾಹಿತ್ಯ ಬಾಯಿಗೆ ಬಂದಿದೆ, ಸ್ವರವೂ ಬಾಯಿಪಾಠವಾಗಿದೆ, ಆದರೆ ಕಿವಿಗೆ ಏನೂ ಹತ್ತಿಲ್ಲ. ಪಾಠ ಒಪ್ಪಿಸುವುದಕ್ಕೂ ಸಂಗೀತ ಕೇಳಿಸಿಕೊಳ್ಳುವುದಕ್ಕೂ ಇರುವ ದೂರ ಇಲ್ಲಿ ಬಯಲಾಗುತ್ತದೆ.

ಕರ್ನಾಟಕದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳ ಈ ಪರೀಕ್ಷೆಗಳನ್ನು ದಶಕಗಳ ಕಾಲ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ನಡೆಸಿಕೊಂಡು ಬಂತು. ಈಗ ಅವು ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯದ ಕೈಗೆ ಬಂದಿವೆ. ಹೈಸ್ಕೂಲು ಓದುವ ವಯಸ್ಸಿನಲ್ಲೇ ಎಷ್ಟೋ ಮಕ್ಕಳು ಜೂನಿಯರ್‌ಗೆ ಕೂರುತ್ತಾರೆ. ಇಂಗ್ಲೆಂಡಿನ ಹೈಸ್ಕೂಲು ಪರೀಕ್ಷೆಯಾದ ಜಿಸಿಎಸ್‌ಇ ಸಂಗೀತದಲ್ಲಿ ಧ್ವನಿಮುದ್ರಿಕೆ ಕೇಳಿ ಉತ್ತರ ಬರೆಯುವ ಪತ್ರಿಕೆಗೇ ಶೇ 40 ಅಂಕ ಇರುವುದರಿಂದ ಅಲ್ಲಿನ ಮಕ್ಕಳು ಕೇಳುವುದನ್ನೇ ಒಂದು ಪಾಠವಾಗಿ ಕಲಿಯುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಿಗೆ ಇದು ಗೊತ್ತಿರುವ ಸಂಗತಿ. ನಮ್ಮ ಜೂನಿಯರ್ ಪರೀಕ್ಷೆಯಲ್ಲಿ ಅಂಥ ಪ್ರತ್ಯೇಕ ಪತ್ರಿಕೆ ಇಲ್ಲ. ಆದ್ದರಿಂದ ಅದಕ್ಕೆ ಪ್ರತ್ಯೇಕ ತಯಾರಿಯೂ ನಡೆಯುವುದಿಲ್ಲ. ಆದರೆ ಶ್ರುತಿಶುದ್ಧಿಗೆ, ಮೂರು ಕಾಲದ (ವೇಗದ) ಅಲಂಕಾರವೆಂಬ ಸ್ವರಾಭ್ಯಾಸಕ್ಕೆ, ರಾಗ ಗುರುತಿಸುವ ಪ್ರಶ್ನೆಗೆ, ಸೀನಿಯರ್‌ನ ಆಲಾಪನೆ (ತಾಳವಿಲ್ಲದ ರಾಗವಿಸ್ತಾರ) ಮತ್ತು ಕಲ್ಪನಾಸ್ವರಕ್ಕೆ (ಆ ಕ್ಷಣದಲ್ಲೇ ಹೊಸೆಯುವ ಸ್ವರ) ಬೀಳುವ ಅಂಕವೆಲ್ಲ ಕಿವಿಯಿಂದಲೇ ಬರಬೇಕು.

ಈ ಲೇಖನದ ಒಟ್ಟು ವಾದ ಒಂದೇ. ಕೇಳುವಿಕೆಯಲ್ಲಾಗುವ ತಪ್ಪುಗಳಲ್ಲಿ ಬಹುಪಾಲು ರಾಗಜ್ಞಾನದ ಕೊರತೆಯಿಂದ ಆಗುವುದಿಲ್ಲ, ಷಡ್ಜ, ಅಂದರೆ ಹಾಡಿಗೆ ನೆಲೆಯಾದ 'ಸ', ಕೈತಪ್ಪುವುದರಿಂದ ಆಗುತ್ತವೆ. ಆದ್ದರಿಂದ ಅಭ್ಯಾಸವನ್ನು ಷಡ್ಜದಿಂದ ಶುರುಮಾಡಿ, ಅದು ಗಟ್ಟಿಯಾಗುವ ತನಕ ಮುಂದಕ್ಕೆ ಹೋಗಬೇಡಿ.

ಶ್ರುತಿ ಹಿಡಿಯುವುದು

ತಂಬೂರಿಯ ನಾಲ್ಕು ತಂತಿಗಳು ಕ್ರಮವಾಗಿ ಪಂಚಮ, ಮಧ್ಯ ಷಡ್ಜ, ಮತ್ತೆ ಮಧ್ಯ ಷಡ್ಜ, ಕೊನೆಗೆ ಮಂದ್ರ ಷಡ್ಜ, ಅಂದರೆ ಕೆಳಗಿನ ಸ್ಥಾಯಿಯ 'ಸ'. ಮೊಬೈಲಿನಲ್ಲಿ ತಂಬೂರಿ ಆಪ್ ಹಾಕಿಕೊಂಡು ಅಭ್ಯಾಸ ಮಾಡುವವರು ಒಂದು ವಿಷಯ ಗಮನಿಸಬೇಕು. ಐದೂವರೆ ಶ್ರುತಿಯಲ್ಲಿ (ಶ್ರುತಿಯ ಸಂಖ್ಯೆ ಷಡ್ಜದ ಎತ್ತರವನ್ನು ಹೇಳುತ್ತದೆ) ಮಧ್ಯ ಷಡ್ಜ ಸೆಕೆಂಡಿಗೆ ಸುಮಾರು 208 ಕಂಪನ, ಮಂದ್ರ ಷಡ್ಜ 104. ಒಂದೂವರೆ ಶ್ರುತಿಯಾದರೆ 139 ಮತ್ತು 69. ಇಷ್ಟು ತಗ್ಗಿನ ದನಿಯನ್ನು ಮೊಬೈಲಿನ ಪುಟ್ಟ ಸ್ಪೀಕರ್ ಸರಿಯಾಗಿ ಹೊರಡಿಸುವುದಿಲ್ಲ. ನಮಗೆ ಕೇಳಿಸುವುದು ಮೇಲಿನ ಝೇಂಕಾರ ಮಾತ್ರ, ಕೆಳಗಿನ ನೆಲವೇ ಸಿಗುವುದಿಲ್ಲ. ಹಾಗಾಗಿ ಮಗು ಪಂಚಮವನ್ನೇ ಷಡ್ಜವೆಂದು ಹಿಡಿದುಕೊಳ್ಳುವುದುಂಟು. ಶ್ರುತಿಪೆಟ್ಟಿಗೆ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಮೊಬೈಲಿಗೆ ಸ್ವಲ್ಪ ದೊಡ್ಡ ಸ್ಪೀಕರ್ ಜೋಡಿಸಿ. ಇಯರ್‌ಫೋನ್ ಹಾಕಿಕೊಳ್ಳುವುದಾದರೆ ಒಂದೇ ಕಿವಿಗೆ ಹಾಕಿ. ಎರಡೂ ಕಿವಿ ಮುಚ್ಚಿದರೆ ತನ್ನ ದನಿ ತನಗೇ ಕೇಳಿಸದೆ ಮಗು ಜೋರಾಗಿ ಹಾಡುತ್ತದೆ, ಜೋರಾದಂತೆ ಶ್ರುತಿ ಮೇಲಕ್ಕೇರುತ್ತದೆ.

ಮೊದಲ ಎರಡು ನಿಮಿಷ ಹಾಡಬೇಡಿ, ಕೇಳಿ. ಆಮೇಲೆ ಬಾಯಿ ಮುಚ್ಚಿಕೊಂಡು 'ಮ್' ಎಂದು ಷಡ್ಜಕ್ಕೆ ದನಿ ಸೇರಿಸಿ. ಸೇರಿತು ಅನ್ನಿಸಿದ ಮೇಲೆ ಬೇಕೆಂದೇ ದನಿಯನ್ನು ಕೂದಲೆಳೆಯಷ್ಟು ಇಳಿಸಿ. ಆಗ ದನಿಯಲ್ಲಿ ಅಲೆ ಏಳುತ್ತದೆ, ಉಬ್ಬಿ ತಗ್ಗಿ, ಉಬ್ಬಿ ತಗ್ಗಿ. ತಂಬೂರಿ 208ರಲ್ಲಿ ಇದ್ದು ನಿಮ್ಮ ದನಿ 205ರಲ್ಲಿ ಇದ್ದರೆ ಈ ಅಲೆ ಸೆಕೆಂಡಿಗೆ 3 ಸಲ ಏಳುತ್ತದೆ. ದನಿಯನ್ನು ನಿಧಾನವಾಗಿ ಮೇಲಕ್ಕೆ ತನ್ನಿ. ಅಲೆ ನಿಧಾನವಾಗುತ್ತ ಬಂದು, ಕೊನೆಗೆ ನಿಂತೇ ಹೋಗುತ್ತದೆ. ಆ ನಿಂತ ಜಾಗವೇ ಷಡ್ಜ. ಶ್ರುತಿ ಸೇರಿದೆಯೇ ಎಂದು ಇನ್ನೊಬ್ಬರನ್ನು ಕೇಳುವ ಅಗತ್ಯ ಆಮೇಲೆ ಇರುವುದಿಲ್ಲ. ಮಗುವಿಗೇ ತಿಳಿಯುತ್ತದೆ. ಈ ಒಂದು ಅನುಭವ ಸಿಕ್ಕಿದ ಮಗುವಿಗೂ ಸಿಗದ ಮಗುವಿಗೂ ಮುಂದಿನ ಕಲಿಕೆಯಲ್ಲಿ ಬಹಳ ವ್ಯತ್ಯಾಸ ಕಾಣುತ್ತದೆ.

ಇದಾದ ಮೇಲೆ ನೆನಪಿನ ಅಭ್ಯಾಸ. ತಂಬೂರಿ ನಿಲ್ಲಿಸಿ, 10 ಸೆಕೆಂಡು ಸುಮ್ಮನಿದ್ದು, ಷಡ್ಜ ಹಾಡಿ, ತಂಬೂರಿ ಮತ್ತೆ ಹಾಕಿ ಸರಿ ನೋಡಿ. 10 ಸೆಕೆಂಡು ಗಟ್ಟಿಯಾದರೆ 30, ಆಮೇಲೆ ಒಂದು ನಿಮಿಷ. ಕೊನೆಗೆ ಆ ಒಂದು ನಿಮಿಷದಲ್ಲಿ ಏನಾದರೂ ಮಾತಾಡಿಸಿ, ಊಟ ಆಯ್ತಾ, ನಾಳೆ ಕ್ಲಾಸು ಎಷ್ಟು ಗಂಟೆಗೆ ಎಂದು ಕೇಳಿ, ಆಮೇಲೆ ಷಡ್ಜ ಹಾಡಿಸಿ. ಪರೀಕ್ಷಾ ಕೊಠಡಿಯಲ್ಲಿ ಆಗುವುದೂ ಇದೇ: ಹಾಡಿನ ನಡುವೆ ಶಾಸ್ತ್ರದ ಪ್ರಶ್ನೆ ಬರುತ್ತದೆ, ಉತ್ತರ ಹೇಳಿ ಮತ್ತೆ ಹಾಡಬೇಕು.

ಗಂಡುಮಕ್ಕಳ ವಿಷಯದಲ್ಲಿ ಒಂದು ಮಾತು. ಹೈಸ್ಕೂಲು ವಯಸ್ಸಿನಲ್ಲೇ ದನಿ ಒಡೆಯುತ್ತದೆ. ಐದು, ಆರರ ಶ್ರುತಿಯಲ್ಲಿ ಹಾಡುತ್ತಿದ್ದವನು ಕೆಲವು ತಿಂಗಳಲ್ಲಿ ಒಂದು, ಒಂದೂವರೆ, ಎರಡರ ಕಡೆಗೆ ಇಳಿಯುತ್ತಾನೆ. ಆ ನಡುವಿನ ಕಾಲದಲ್ಲಿ ಕಿವಿ ಸರಿಯಿದ್ದರೂ ಗಂಟಲು ಹೇಳಿದಂತೆ ಕೇಳುವುದಿಲ್ಲ. ಅವನಿಗೆ ಶ್ರುತಿಜ್ಞಾನ ಇಲ್ಲ ಎಂದು ತೀರ್ಮಾನಿಸುವುದು ದೊಡ್ಡ ಅನ್ಯಾಯ. ತಿಂಗಳಿಗೊಮ್ಮೆ ಶ್ರುತಿ ಬದಲಾಯಿಸಿ ನೋಡಿ, ಮತ್ತು ಆ ಸಮಯದಲ್ಲಿ ಕಿವಿಯ ಅಭ್ಯಾಸದ ಉತ್ತರವನ್ನು ಹಾಡಿಸದೆ ಬಾಯಲ್ಲಿ ಹೇಳಿಸಿ ಅಥವಾ ಬರೆಸಿ.

ಸ್ವರ ಗುರುತಿಸುವುದು

ಮಾಯಾಮಾಳವಗೌಳದಿಂದ ಪಾಠ ಶುರುಮಾಡುವ ಪದ್ಧತಿಯನ್ನು ಪರಂಪರೆ ಪುರಂದರದಾಸರ ಹೆಸರಿಗೆ ಸಲ್ಲಿಸುತ್ತದೆ. ಇದು 15ನೇ ಮೇಳ (ಏಳೂ ಸ್ವರದ ಮೂಲ ರಾಗ): ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ. ಕಿವಿಗೆ ಇದೊಂದು ಒಳ್ಳೆಯ ರಾಗ. ಆದರೆ ಇದರಲ್ಲೇ ಒಂದು ಬಲೆಯೂ ಇದೆ. 'ಸರಿಗಮ'ದಲ್ಲಿ ಸ್ವರಗಳ ನಡುವಿನ ಅಂತರ ಅರ್ಧ, ಒಂದೂವರೆ, ಅರ್ಧ. 'ಪದನಿಸ'ದಲ್ಲೂ ಅಷ್ಟೇ: ಅರ್ಧ, ಒಂದೂವರೆ, ಅರ್ಧ. ಎರಡೂ ಒಂದೇ ಅಚ್ಚು. ಷಡ್ಜ ಮರೆತ ಮಗುವಿಗೆ 'ಪದನಿಸ' ಹಾಡಿದರೆ ಅದು 'ಸರಿಗಮ' ಎಂದೇ ಹೇಳುತ್ತದೆ. ಆ ಮಗುವಿನ ಕಿವಿ ಕೆಟ್ಟಿಲ್ಲ. ಅಂತರವನ್ನು ಸರಿಯಾಗಿಯೇ ಕೇಳಿಸಿಕೊಂಡಿದೆ, ಎಲ್ಲಿಂದ ಅಳೆಯಬೇಕು ಎಂಬುದು ಮಾತ್ರ ತಪ್ಪಿದೆ. ಅದಕ್ಕೆ ಮದ್ದು, ಪ್ರಶ್ನೆ ಕೇಳುವಾಗ ತಂಬೂರಿ ಯಾವತ್ತೂ ಓಡುತ್ತಿರಬೇಕು.

ಪ್ರಶ್ನೆಗಳನ್ನು ಆರೋಹಣದ ಕ್ರಮದಲ್ಲಿ ಕಲಿಸುವುದು ಸಾಮಾನ್ಯ ರೂಢಿ: ಮೊದಲು ಸ, ಆಮೇಲೆ ರಿ, ಆಮೇಲೆ ಗ. ಕಿವಿಗೆ ಈ ಕ್ರಮ ಒಳ್ಳೆಯದಲ್ಲ. ತಂಬೂರಿ ಯಾವ ಸ್ವರವನ್ನು ತಾನೇ ಎತ್ತಿ ತೋರಿಸುತ್ತದೋ ಅದರಿಂದ ಶುರುಮಾಡಿ. ಷಡ್ಜ, ಪಂಚಮ ತಂತಿಯಲ್ಲೇ ಇವೆ. ಗಾಂಧಾರ ತಂತಿಯಲ್ಲಿ ಇಲ್ಲ, ಆದರೆ ಮಂದ್ರ ಷಡ್ಜದ ತಂತಿ ಮೀಟಿದ ಮೇಲೆ ಗಮನವಿಟ್ಟು ಕೇಳಿದರೆ ಮೇಲೆ ಸಣ್ಣಗೆ ಅಂತರ ಗಾಂಧಾರ ತೇಲುತ್ತಿರುವುದು ಕೇಳಿಸುತ್ತದೆ. ಇದು ಭ್ರಮೆಯಲ್ಲ. ತಂತಿ ಇಡಿಯಾಗಿ ಕಂಪಿಸುವ ಜೊತೆಗೆ ಎರಡು, ಮೂರು, ನಾಲ್ಕು, ಐದು ಭಾಗಗಳಾಗಿಯೂ ಕಂಪಿಸುತ್ತದೆ, ಐದನೇ ಭಾಗದ ದನಿ ಎರಡು ಸ್ಥಾಯಿ ಮೇಲಿನ ಅಂತರ ಗಾಂಧಾರ. ಅದನ್ನು ಒಮ್ಮೆ ಕೇಳಿಸಿಕೊಂಡ ಮಗು ಗಾಂಧಾರವನ್ನು ತಪ್ಪಾಗಿ ಹಾಡುವುದು ಕಡಿಮೆ. ಕೀಬೋರ್ಡ್ ಇಟ್ಟುಕೊಂಡು ಸ್ವರ ಕಲಿಸುವವರು ಇಲ್ಲಿ ಎಚ್ಚರವಾಗಿರಬೇಕು. ಕೀಬೋರ್ಡಿನ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಅರ್ಧಸ್ವರದ ಏಳನೇ ಒಂದು ಭಾಗದಷ್ಟು ಮೇಲಿರುತ್ತದೆ. ಕಡಿಮೆ ಅನ್ನಿಸಬಹುದು, ಆದರೆ ಶ್ರುತಿಯ ಜೊತೆ ನಿಲ್ಲಿಸಿದಾಗ ಕಿವಿಗೆ ಚುಚ್ಚುವಷ್ಟು ಇದೆ.

ಹಾಗಾಗಿ ಮೊದಲಿಗೆ ಸ, ಗ, ಪ ಮೂರೇ ಸ್ವರ. ಮನೆಯಲ್ಲಿ ಯಾರಾದರೂ ಅಕಾರದಲ್ಲಿ ಒಂದೊಂದೇ ಸ್ವರ ಹಾಡಲಿ ಅಥವಾ ವಾದ್ಯದಲ್ಲಿ ನುಡಿಸಲಿ, ಮಗು ಹೆಸರು ಹೇಳಲಿ. ಒಂದು ಸುತ್ತಿಗೆ 20 ಪ್ರಶ್ನೆ. ಎರಡು ದಿನ ಸತತವಾಗಿ 20ಕ್ಕೆ 18 ಸರಿಯಾದರೆ ಮಧ್ಯಮ ಸೇರಿಸಿ. ಆಮೇಲೆ ನಿಷಾದ, ಆಮೇಲೆ ಧೈವತ, ಕೊನೆಗೆ ರಿಷಭ. ಉತ್ತರಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ಸಮಯ ಬೇಕಾಗುತ್ತಿದ್ದರೆ ಮಗು ಒಳಗೊಳಗೇ 'ಸ ರಿ ಗ ಮ' ಎಂದು ಮೆಟ್ಟಿಲು ಹತ್ತುತ್ತಿದೆ ಎಂದು ತಿಳಿಯಿರಿ. ಮೊದಲಿಗೆ ಅದು ಸರಿ. ಆದರೆ ಅದೇ ಅಭ್ಯಾಸವಾದರೆ ಎರಡನೇ ಕಾಲದ ಸಾಲನ್ನು ಗುರುತಿಸಲು ಆಗುವುದೇ ಇಲ್ಲ.

ಅತಿ ಹೆಚ್ಚು ಅದಲುಬದಲಾಗುವ ಜೋಡಿ ಮಧ್ಯಮ ಮತ್ತು ಪಂಚಮ. ಮಧ್ಯಮದಿಂದ ತಾರ (ಮೇಲಿನ ಸ್ಥಾಯಿಯ) ಷಡ್ಜಕ್ಕೆ ಇರುವ ದೂರವೂ ಷಡ್ಜದಿಂದ ಪಂಚಮಕ್ಕೆ ಇರುವ ದೂರವೂ ಒಂದೇ ಆಗಿರುವುದೇ ಕಾರಣ. 'ಮ ಸ' ಎಂದು ಹಾಡಿದರೆ 'ಸ ಪ' ಎಂದು ಕೇಳಿಸುತ್ತದೆ. ಬಿಡಿಸಿಕೊಳ್ಳುವ ದಾರಿ ಸುಲಭ: ಆ ಸ್ವರವನ್ನು ಎಳೆದು ನಿಲ್ಲಿಸಿ ನೋಡಿ. ಪಂಚಮವಾದರೆ ತಂಬೂರಿಯ ಮೊದಲ ತಂತಿಯೊಳಗೆ ಕರಗಿಹೋಗುತ್ತದೆ. ಶುದ್ಧ ಮಧ್ಯಮವಾದರೆ ಆ ತಂತಿಯ ಜೊತೆ ತಿಕ್ಕಾಡುತ್ತದೆ. ಹಾಗೆಯೇ ಕಾಕಲಿ ನಿಷಾದ ಷಡ್ಜದ ಕಡೆಗೆ ಎಳೆಯುತ್ತದೆ, ಷಡ್ಜ ಎಲ್ಲಿಗೂ ಎಳೆಯುವುದಿಲ್ಲ. ಶುದ್ಧ ಧೈವತ ಪಂಚಮದ ಮೇಲೆ ಒರಗಿಕೊಳ್ಳುತ್ತದೆ.

ಮಲಹರಿಯ ಒಂದು ಸಾಲು

ಈ ಮಾತುಗಳನ್ನೆಲ್ಲ ಒಂದು ಸಾಲಿನಲ್ಲಿಟ್ಟು ನೋಡೋಣ. 'ಶ್ರೀ ಗಣನಾಥ' ಎಂಬ ಮಲಹರಿಯ ಗೀತೆ, ರೂಪಕ ತಾಳ, ಎಲ್ಲರೂ ಕಲಿತಿರುವುದೇ. ಮೊದಲ ಭಾಗ ನಾಲ್ಕು ಆವರ್ತ (ತಾಳದ ಒಂದು ಪೂರ್ತಿ ಸುತ್ತು ಒಂದು ಆವರ್ತ), 24 ಸ್ವರ: ಮ ಪ | ದ ಸ ಸ ರಿ || ರಿ ಸ | ದ ಪ ಮ ಪ || ರಿ ಮ | ಪ ದ ಮ ಪ || ದ ಪ | ಮ ಗ ರಿ ಸ ||. ಮೊದಲ ಆವರ್ತದ ಸ ಸ ರಿ, ಎರಡನೆಯದರ ರಿ ಸ ತಾರ ಸ್ಥಾಯಿಯವು.

ಇದನ್ನು ಸಾಹಿತ್ಯವಿಲ್ಲದೆ, ಸ್ವರವಿಲ್ಲದೆ, ಅಕಾರದಲ್ಲಿ ಮಾತ್ರ ಹಾಡಿ ಅಥವಾ ವೀಣೆ, ಪಿಟೀಲಿನಲ್ಲಿ ನುಡಿಸಿ, ಒಂದೊಂದು ಸಲ ಒಂದೊಂದೇ ಪ್ರಶ್ನೆ ಕೇಳಿ. ಮೊದಲ ಸಲ: ಯಾವ ಸ್ವರದಿಂದ ಎತ್ತಿಕೊಂಡೆ? ಮಧ್ಯಮ. ಶ್ರುತಿ ಹಿಡಿಯದ ಮಗು ಷಡ್ಜ ಎನ್ನುತ್ತದೆ, ಯಾಕೆಂದರೆ ಹಾಡು ಷಡ್ಜದಿಂದಲೇ ಶುರುವಾಗುತ್ತದೆ ಎಂಬ ನಂಬಿಕೆ ಸರಳೆ, ಜಂಟಿ ಎಂಬ ಮೊದಲ ಪಾಠಗಳಿಂದ ಬಂದಿರುತ್ತದೆ. ಎರಡನೇ ಸಲ: ಅತಿ ಮೇಲಿನ ಸ್ವರ ಯಾವುದು, ಎಷ್ಟನೇ ಆವರ್ತದಲ್ಲಿ? ತಾರ ರಿಷಭ, ಮೊದಲನೆಯದರ ಕೊನೆ, ಎರಡನೆಯದರ ಮೊದಲು. ಮೂರನೇ ಸಲ: ಗಾಂಧಾರ ಎಷ್ಟು ಸಲ ಬಂತು? ಒಂದೇ ಸಲ, ಕೊನೆಯ ಇಳಿಕೆಯಲ್ಲಿ. ನಾಲ್ಕನೇ ಸಲ: ಯಾವ ಸ್ವರ ಬರಲೇ ಇಲ್ಲ? ನಿಷಾದ. ಐದನೇ ಸಲ: ಮೂರನೇ ಆವರ್ತದಲ್ಲಿ ರಿಷಭದಿಂದ ಎಲ್ಲಿಗೆ ಹಾರಿದೆ? ಗಾಂಧಾರ ಬಿಟ್ಟು ಮಧ್ಯಮಕ್ಕೆ.

ಈ ಐದು ಉತ್ತರ ಕೂಡಿಸಿದರೆ ಮಲಹರಿಯ ಲಕ್ಷಣವೇ ಬಂತು: ಏರುವಾಗ ಸ ರಿ ಮ ಪ ದ ಸ, ಇಳಿಯುವಾಗ ಸ ದ ಪ ಮ ಗ ರಿ ಸ. ನಿಷಾದ ವರ್ಜ್ಯ, ಗಾಂಧಾರ ಅವರೋಹಣದಲ್ಲಿ ಮಾತ್ರ. ಶಾಸ್ತ್ರದ ಪತ್ರಿಕೆಗೆ ಉರುಹೊಡೆಯುವ ಇದೇ ಸಾಲುಗಳನ್ನು ಮಗು ತನ್ನ ಕಿವಿಯಿಂದ ತಾನೇ ಕಂಡುಕೊಂಡಿತು. ಹೀಗೆ ಕಂಡುಕೊಂಡದ್ದು ಮರೆಯುವುದಿಲ್ಲ. ಕಲಿತ ಪ್ರತಿಯೊಂದು ಗೀತೆಗೂ ಈ ಐದು ಪ್ರಶ್ನೆ ಮಾಡಿ. ಮೋಹನದ ಗೀತೆಗೆ, ಶುದ್ಧ ಸಾವೇರಿಯ ಗೀತೆಗೆ, ಕಲ್ಯಾಣಿಯ ಗೀತೆಗೆ ಉತ್ತರ ಬೇರೆ ಬೇರೆ ಬರುತ್ತದೆ.

ತಾಳ ಕೇಳಿಸಿಕೊಳ್ಳುವುದು

ತಾಳ ಹಾಕುವುದು ಬೇರೆ, ತಾಳ ಕೇಳಿಸಿಕೊಳ್ಳುವುದು ಬೇರೆ. ಮೊದಲನೆಯದಕ್ಕೆ ಅಳತೆಗೋಲು ಬೇಕು. ಮೆಟ್ರೊನೋಮ್ ಆಪ್ ನಿಮಿಷಕ್ಕೆ 60ಕ್ಕೆ ಇಡಿ, ಅಂದರೆ ಸೆಕೆಂಡಿಗೊಂದು ಅಕ್ಷರ. ಆದಿತಾಳದ ಒಂದು ಆವರ್ತ 8 ಸೆಕೆಂಡು: ಲಘುವಿಗೆ ಒಂದು ಪೆಟ್ಟು ಮೂರು ಬೆರಳೆಣಿಕೆ, ಆಮೇಲೆ ಎರಡು ದ್ರುತಕ್ಕೆ ಪೆಟ್ಟು-ಹುಸಿ, ಪೆಟ್ಟು-ಹುಸಿ. ಮೊದಲ ಸರಳೆ 16 ಸ್ವರ. ಒಂದನೇ ಕಾಲದಲ್ಲಿ ಎರಡು ಆವರ್ತ, 16 ಸೆಕೆಂಡು. ಎರಡನೇ ಕಾಲದಲ್ಲಿ ಒಂದು ಆವರ್ತ, 8 ಸೆಕೆಂಡು. ಮೂರನೇ ಕಾಲದಲ್ಲಿ ಅರ್ಧ ಆವರ್ತ, 4 ಸೆಕೆಂಡು, ಆದ್ದರಿಂದ ಸಮಕ್ಕೆ (ಆವರ್ತದ ಮೊದಲ ಪೆಟ್ಟಿಗೆ) ಬರಲು ಎರಡು ಸಲ ಹಾಡಬೇಕು. ಎರಡನೇ ಸಲ ಎತ್ತಿಕೊಳ್ಳುವುದು ಲಘು ಮುಗಿದು ಮೊದಲ ದ್ರುತದ ಪೆಟ್ಟು ಬೀಳುವ ಜಾಗದಲ್ಲಿ. ಮಕ್ಕಳು ಎಡವುವುದು ಹೆಚ್ಚಾಗಿ ಈ ಒಂದು ಜಾಗದಲ್ಲೇ.

ಇನ್ನೊಂದು ತಪ್ಪು, ಕಾಲ ಬದಲಾಯಿಸುವಾಗ ಸ್ವರದ ಜೊತೆ ಕೈಯೂ ಓಡುವುದು. ಹಾಡುವಾಗ ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಪ್ರತಿ ಕಾಲದಲ್ಲೂ ನಾಲ್ಕು ಆವರ್ತಕ್ಕೆ ಎಷ್ಟು ಸೆಕೆಂಡು ಹಿಡಿಯಿತು ಎಂದು ನೋಡಿ. ಮೂರಕ್ಕೂ 32 ಬರಬೇಕು. 32, 30, 26 ಎಂದು ಬಂದರೆ ತಾಳ ಓಡಿದೆ. ಆಗ ಮೆಟ್ರೊನೋಮನ್ನು 45ಕ್ಕೆ ಇಳಿಸಿ ಮತ್ತೆ ಶುರುಮಾಡಿ. ಮೂರನೇ ಕಾಲಕ್ಕೆ ಸೆಕೆಂಡಿಗೆ ನಾಲ್ಕು ಸ್ವರ ಹಾಡಲಾಗದ ಮಗು 60ರಲ್ಲಿ ಎಷ್ಟು ಅಭ್ಯಾಸ ಮಾಡಿದರೂ ಓಡುವುದನ್ನೇ ಕಲಿಯುತ್ತದೆ.

ಗೊತ್ತಿಲ್ಲದ ಹಾಡು ಕೇಳಿ ತಾಳ ಹೇಳುವುದಕ್ಕೆ, ಮೊದಲು ಕೈಯನ್ನು ಮಡಿಲಲ್ಲಿಟ್ಟುಕೊಳ್ಳಿ. ಹಾಡು ಶುರುವಾದ ಕೂಡಲೇ ಪೆಟ್ಟು ಹಾಕಿದರೆ ಮೊದಲ ಪದವನ್ನೇ ಸಮ ಎಂದು ಹಿಡಿಯುತ್ತೀರಿ. ಎಷ್ಟೋ ಕೃತಿಗಳ ಎತ್ತುಗಡೆ ಸಮದಲ್ಲಿ ಇರುವುದಿಲ್ಲ, ಅರ್ಧ ಅಕ್ಷರ ಅಥವಾ ಒಂದೂವರೆ ಅಕ್ಷರ ಬಿಟ್ಟು ಇರುತ್ತದೆ. ಪಲ್ಲವಿಯ ಸಾಲು ಮತ್ತೆ ಎತ್ತಿಕೊಳ್ಳುವ ತನಕ ಒಳಗೊಳಗೇ ಸಮನಾದ ನಡೆಯನ್ನು ಎಣಿಸಿ. 8 ಅಥವಾ 16 ಬಂದರೆ ಆದಿ. 6 ಅಥವಾ 12 ಬಂದರೆ ರೂಪಕದ ಕಡೆಗೆ ಯೋಚಿಸಿ. 7 ಬಂದರೆ 'ತಕಿಟ ತಕಧಿಮಿ' ಎಂದು ಹೇಳಿಕೊಂಡು ನೋಡಿ, ಹೊಂದಿದರೆ ಮಿಶ್ರಛಾಪು. 5 ಬಂದರೆ 'ತಕ ತಕಿಟ', ಖಂಡಛಾಪು. ಪರೀಕ್ಷಿಸಿಕೊಳ್ಳಲು ಗಾಯಕರ ಕೈ ಕಾಣುವ ಕಛೇರಿಯ ವಿಡಿಯೊ ಒಳ್ಳೆಯದು: ಪರದೆಯ ಕೆಳಭಾಗಕ್ಕೆ ಒಂದು ಪುಸ್ತಕ ಅಡ್ಡ ಇಟ್ಟು ಕೇಳಿ, ಎಣಿಸಿ, ತಾಳ ಹಾಕಲು ಶುರುಮಾಡಿ, ಪುಸ್ತಕ ತೆಗೆದು ಅವರ ಕೈಗೆ ನಿಮ್ಮ ಕೈ ಸರಿಹೊಂದಿತೇ ನೋಡಿ. ವಾರಕ್ಕೆ ನಾಲ್ಕು ಹಾಡು ಸಾಕು.

ರಾಗ ಗುರುತಿಸುವುದು

ಮೋಹನದ ಐದು ಸ್ವರ ತೆಗೆದುಕೊಳ್ಳಿ: ಸ ರಿ ಗ ಪ ದ. ತಂಬೂರಿ ಇಲ್ಲದೆ ಇದೇ ಸ್ವರಗಳನ್ನು ಕೇಳುತ್ತಾ ರಿಷಭವನ್ನು ಷಡ್ಜವೆಂದು ಹಿಡಿದರೆ ನಿಮಗೆ ಕೇಳಿಸುವುದು ಮಧ್ಯಮಾವತಿ. ಗಾಂಧಾರವನ್ನು ಹಿಡಿದರೆ ಹಿಂದೋಳ. ಪಂಚಮವನ್ನು ಹಿಡಿದರೆ ಶುದ್ಧ ಸಾವೇರಿ. ಧೈವತವನ್ನು ಹಿಡಿದರೆ ಶುದ್ಧ ಧನ್ಯಾಸಿ. ಗ್ರಹಭೇದ ಎಂದು ಶಾಸ್ತ್ರದಲ್ಲಿ ಓದುವುದು ಇದನ್ನೇ. ಆಡಿಯೊ ತುಣುಕನ್ನು ನಡುವಿನಿಂದ ಹಾಕಿ 'ಯಾವ ರಾಗ' ಎಂದು ಕೇಳಿದಾಗ ಮಗು ಮೋಹನಕ್ಕೆ ಹಿಂದೋಳ ಎಂದರೆ ನಗಬೇಡಿ, ಬೈಯಲೂ ಬೇಡಿ. 'ಷಡ್ಜ ಎಲ್ಲಿದೆ, ಹಾಡು ನೋಡೋಣ' ಎನ್ನಿ. ಮುಕ್ಕಾಲು ಪಾಲು ಉತ್ತರ ಅಲ್ಲೇ ಸರಿಯಾಗುತ್ತದೆ.

ಷಡ್ಜ ಸಿಕ್ಕಿದ ಮೇಲೆ ರಾಗದ ಹೆಸರಿಗೆ ಹಾರಬಾರದು. ಮೊದಲು ಮಧ್ಯಮ ಕೇಳಿ: ಇದೆಯೇ, ಇದ್ದರೆ ಶುದ್ಧವೋ ಪ್ರತಿಯೋ? ಶಂಕರಾಭರಣಕ್ಕೂ ಕಲ್ಯಾಣಿಗೂ ಸ್ವರದಲ್ಲಿ ಇರುವ ವ್ಯತ್ಯಾಸ ಅದೊಂದೇ. ಆಮೇಲೆ ಯಾವ ಸ್ವರ ಇಲ್ಲ ಎಂದು ಕೇಳಿ. ಮೋಹನದಲ್ಲಿ ಮಧ್ಯಮ, ನಿಷಾದ ಇಲ್ಲ. ಹಂಸಧ್ವನಿಯಲ್ಲಿ ಮಧ್ಯಮ, ಧೈವತ ಇಲ್ಲ. ಪಂಚಮದಿಂದ ಮೇಲಕ್ಕೆ ಹೋಗುವಾಗ ಷಡ್ಜಕ್ಕೆ ತೀರ ಹತ್ತಿರದ ಸ್ವರ ಮುಟ್ಟಿದರೆ ಅದು ಹಂಸಧ್ವನಿಯ ಕಾಕಲಿ ನಿಷಾದ.

ಇಳಿಯುವುದನ್ನು ಕೇಳದೆ ಉತ್ತರ ಹೇಳಬೇಡಿ. ಇದನ್ನು ಮಕ್ಕಳ ಕೈಯಲ್ಲಿ ಬರೆಸಿ ಗೋಡೆಗೆ ಅಂಟಿಸಿದರೂ ತಪ್ಪಿಲ್ಲ. ಬಿಲಹರಿ ಏರುವಾಗ ಸ ರಿ ಗ ಪ ದ ಸ, ಮೋಹನವೇ. ಇಳಿಯುವಾಗ ಮಾತ್ರ ಸ ನಿ ದ ಪ ಮ ಗ ರಿ ಸ. ಆರಭಿ ಏರುವಾಗ ಸ ರಿ ಮ ಪ ದ ಸ, ಶುದ್ಧ ಸಾವೇರಿಯೇ. ಇಳಿಯುವಾಗ ಏಳೂ ಸ್ವರ. ಮೊದಲ ಮೂರು ಸೆಕೆಂಡಿಗೆ ಕೈಯೆತ್ತುವ ಚುರುಕು ಮಗು ಇಲ್ಲಿ ಸೋಲುತ್ತದೆ, ಕಾದು ಕೇಳುವ ಮಗು ಗೆಲ್ಲುತ್ತದೆ.

ಸೀನಿಯರ್ ಹೊತ್ತಿಗೆ ಗಮಕದ, ಅಂದರೆ ಸ್ವರವನ್ನು ತೂಗಿಸುವ ರೀತಿಯ, ಪ್ರಶ್ನೆ ಬರುತ್ತದೆ. ತೋಡಿಯಲ್ಲಿ ಸಾಧಾರಣ ಗಾಂಧಾರ ಎಂದು ಪುಸ್ತಕ ಹೇಳುತ್ತದೆ, ಆದರೆ ಆ ಗಾಂಧಾರ ನಿಂತಲ್ಲಿ ನಿಲ್ಲುವುದಿಲ್ಲ, ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗಾಡುತ್ತದೆ. ಕೀಬೋರ್ಡಿನ ಒಂದು ಮನೆ ಒತ್ತಿ 'ಇದೇ ತೋಡಿಯ ಗಾಂಧಾರ' ಎಂದರೆ ಕಿವಿ ಒಪ್ಪುವುದಿಲ್ಲ, ಒಪ್ಪಲೂಬಾರದು. ಅಂಥ ರಾಗಗಳನ್ನು ಬಿಡಿ ಸ್ವರದಿಂದ ಗುರುತಿಸುವ ಪ್ರಯತ್ನ ಬಿಟ್ಟು ಸಂಚಾರಗಳಿಂದ (ರಾಗದ ರೂಪ ತೋರುವ ಸ್ವರಗುಚ್ಛಗಳಿಂದ) ಗುರುತಿಸಬೇಕು. ಒಂದು ರಾಗಕ್ಕೆ ನಾಲ್ಕು ಸಂಚಾರ, ಒಂದೊಂದೂ ಐದಾರು ಸ್ವರದ್ದು, ಗುರುಗಳ ಬಾಯಿಂದಲೇ ರೆಕಾರ್ಡ್ ಮಾಡಿಕೊಂಡು ದಿನಾ ಕೇಳಿ. ಜೊತೆಗೆ ವಾದ್ಯಸಂಗೀತ ಹೆಚ್ಚು ಕೇಳಿಸಿ. ಗಾಯನದಲ್ಲಿ ಸಾಹಿತ್ಯ ಗುರುತು ಹಿಡಿದು ರಾಗ ಹೇಳಿಬಿಡುವ ಅಭ್ಯಾಸ ಮಕ್ಕಳಿಗಿದೆ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯ ಆಲಾಪನೆಯಲ್ಲೋ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನಿನಲ್ಲೋ ಆ ಊರುಗೋಲು ಸಿಗುವುದಿಲ್ಲ.

ಧಾರವಾಡ, ಹುಬ್ಬಳ್ಳಿ ಕಡೆ ಹಿಂದೂಸ್ತಾನಿ ಕಲಿಯುವ ಮಕ್ಕಳಿಗೂ ದಾರಿ ಇದೇ, ಹೆಸರುಗಳು ಬೇರೆ. ಮೋಹನದ ಸ್ವರಗಳೇ ಭೂಪ್, ಹಿಂದೋಳದವೇ ಮಾಲಕಂಸ್, ಮಾಯಾಮಾಳವಗೌಳದವೇ ಭೈರವ್. ಒಂದೇ ಎಚ್ಚರ: ನಮ್ಮ ಶುದ್ಧ ರಿಷಭ ಅವರ ಕೋಮಲ ರಿಷಭ, ಅವರ ಶುದ್ಧ ರಿಷಭ ನಮ್ಮ ಚತುಶ್ರುತಿ. ಎರಡೂ ಪದ್ಧತಿಯ ಆಪ್‌ಗಳನ್ನು ಕಲಸಿ ಬಳಸುವ ಮಗು ಇಲ್ಲಿ ಸರಿಯಾಗಿ ಕೇಳಿಯೂ ತಪ್ಪು ಬರೆಯುತ್ತದೆ.

ಕೇಳಿದ್ದನ್ನು ಬರೆಯುವುದು

ಒಂದು ಸಾಲು ಕೇಳಿ ಸ್ವರಲಿಪಿ ಬರೆಯುವುದು ಕಿವಿಗೆ ಇರುವ ಅತಿ ಒಳ್ಳೆಯ ವ್ಯಾಯಾಮ. ಮೊದಲ ಸಲ ಕೇಳಿ ಆವರ್ತ ಎಣಿಸಿ, ಹಾಳೆಯ ಮೇಲೆ ಅಷ್ಟು ಮನೆ ಗೆರೆ ಹಾಕಿ. ಎರಡನೇ ಸಲ ಪ್ರತಿ ಆವರ್ತದ ಮೊದಲ ಸ್ವರ ಮಾತ್ರ ತುಂಬಿ. ಮೂರನೇ ಸಲ ಕೊನೆಯ ಸ್ವರ. ನಡುವಿನವನ್ನು ನಾಲ್ಕನೇ ಸಲಕ್ಕೆ ಬಿಡಿ. ಎಡದಿಂದ ಬಲಕ್ಕೆ ಒಂದೊಂದೇ ಸ್ವರ ಬರೆಯುತ್ತಾ ಹೋದರೆ ಮೂರನೆಯದನ್ನು ಬರೆಯುವಷ್ಟರಲ್ಲಿ ಹಾಡು ಮುಗಿದಿರುತ್ತದೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಅಲ್ಪವಿರಾಮಕ್ಕೆ ಒಂದು, ಅರ್ಧವಿರಾಮಕ್ಕೆ ಎರಡು ಎಂದು ಕೂಡಿಸಿ, ರೂಪಕದ ಆವರ್ತದಲ್ಲಿ 6 ಬಂತೇ ನೋಡಿ. ಬರದಿದ್ದರೆ ಸ್ವರ ಸರಿಯಿದ್ದರೂ ಕಾಲ ತಪ್ಪಿದೆ. ತಾರಕ್ಕೆ ಮೇಲೆ ಚುಕ್ಕಿ, ಮಂದ್ರಕ್ಕೆ ಕೆಳಗೆ ಚುಕ್ಕಿ. ಇದನ್ನು ಮರೆಯುವವರು ಬಹಳ, ಮರೆತರೆ ಮಲಹರಿಯ ಆ ಮೊದಲ ಆವರ್ತ 'ಮ ಪ ದ' ಎಂದು ಏರಿ ದಿಢೀರನೆ ಕೆಳಗಿನ ಷಡ್ಜಕ್ಕೆ ಬಿದ್ದಂತೆ ಓದಿಸಿಕೊಳ್ಳುತ್ತದೆ.

ಪರೀಕ್ಷೆಗೆ ಮೂರು ತಿಂಗಳು ಇದೆ ಎಂದುಕೊಳ್ಳಿ. ಕಿವಿಯ ಅಭ್ಯಾಸಕ್ಕೆ ದಿನಕ್ಕೆ 20 ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಕಿವಿ ದಣಿದರೆ ಗೊತ್ತಾಗುವುದಿಲ್ಲ, ಉತ್ತರ ತಪ್ಪತೊಡಗುತ್ತದೆ ಅಷ್ಟೇ. ಮೊದಲ ಮೂರು ವಾರ ಶ್ರುತಿ ಮತ್ತು ಸ ಗ ಪ. ಮುಂದಿನ ನಾಲ್ಕು ವಾರ ಏಳೂ ಸ್ವರ, ಕಲಿತ ಗೀತೆಗಳಿಗೆ ಐದು ಪ್ರಶ್ನೆ, ತಾಳದ ಅಳತೆ. ಉಳಿದದ್ದು ರಾಗದ ಜೋಡಿಗಳಿಗೆ ಮತ್ತು ಬರವಣಿಗೆಗೆ. ಒಂದೇ ದಿನ ಎರಡು ಗಂಟೆ ಕೂರಿಸಿ ವಾರವಿಡೀ ಬಿಟ್ಟರೆ ಷಡ್ಜದ ನೆನಪು ಮತ್ತೆ ಮೊದಲಿನಿಂದ ಕಟ್ಟಬೇಕಾಗುತ್ತದೆ.

ಪರೀಕ್ಷೆಯ ದಿನ ಹೊರಗೆ ಕಾಯುವಾಗ ಪಕ್ಕದ ಕೊಠಡಿಯಿಂದ ಬೇರೆ ಶ್ರುತಿ ಕೇಳಿಸುತ್ತಿರುತ್ತದೆ. ಆರು ಶ್ರುತಿಯ ಹುಡುಗಿಯ ಹಾಡು ಹತ್ತು ನಿಮಿಷ ಕಿವಿಗೆ ಬಿದ್ದರೆ ಐದು ಶ್ರುತಿಯ ಮಗು ಒಳಗೆ ಹೋಗಿ ಎತ್ತರದಲ್ಲಿ ಶುರುಮಾಡಿ, ಚರಣದ ತಾರಸ್ಥಾಯಿಯಲ್ಲಿ ದನಿ ಸಿಗದೆ ನಿಲ್ಲುತ್ತದೆ. ಸರದಿ ಬರುವ ತನಕ ತನ್ನ ಶ್ರುತಿಯನ್ನು ಒಂದು ಕಿವಿಗೆ ಹಚ್ಚಿಕೊಂಡಿರಲಿ. ಒಳಗೆ ಕೂತ ಮೇಲೆ ತಂಬೂರಿ ಹಾಕಿದ ತಕ್ಷಣ ಬಾಯಿ ತೆರೆಯಬೇಡ ಎಂದು ಹೇಳಿ ಕಳಿಸಿ. ಪ, ಸ, ಸ, ಮಂದ್ರ ಸ, ನಾಲ್ಕೂ ತಂತಿ ಎರಡು ಸುತ್ತು ಬಂದು ಮುಗಿಯಲಿ. ಅಷ್ಟು ಹೊತ್ತು ಕಾಯುವ ಮಗುವನ್ನು ನೋಡಿದರೆ, ಇದು ಕೇಳಿಸಿಕೊಂಡು ಹಾಡುವ ಮಗು ಎಂದು ಪರೀಕ್ಷಕರಿಗೂ ತಿಳಿಯುತ್ತದೆ.